ಅಳಿಸಿದ ಗುರುತು

"ಗುರುಗಳೇ, ಈಚೆಗೆ ಗೋಷ್ಠಿಯಲ್ಲಿ ನನ್ನ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ನನ್ನ ಕಲಿಕೆ ಮುಗಿಯಿತೆಂದು ತಿಳಿಯಬಹುದೇ?"

ಕೇಳಿದವನು ಮಠದ ಹಿರಿಯ ಶಿಷ್ಯ. ವಾರದ ಗೋಷ್ಠಿಯಲ್ಲಿ ಗ್ರಂಥದ ಅರ್ಥ ಹೇಳುವುದು ಅವನ ಕೆಲಸ. ಎದ್ದು ಪ್ರಶ್ನಿಸುವುದು ಉಳಿದವರ ಕೆಲಸ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ರಷ್ಯಾ ದೇಶದಲ್ಲಿ ಒಬ್ಬ ಟೆನಿಸ್ ಆಟಗಾರ್ತಿ ಇದ್ದಳು. ಅವಳು ಆಡಿ ಬೆಳೆದದ್ದು ಆವೆ ಮಣ್ಣಿನ ಅಂಕಣದಲ್ಲಿ. ಅಂಥ ಅಂಕಣದಲ್ಲಿ ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಸಂಶಯ ಬಂದರೆ ಅಂಪೈರ್ ಕುರ್ಚಿಯಿಂದ ಇಳಿದು ಬಂದು ಗುರುತು ನೋಡಿ ತೀರ್ಪು ಕೊಡುತ್ತಾರೆ. ಆದರೆ ಅವರು ಬರುವ ಮೊದಲೇ ಆಟಗಾರ್ತಿ ತನ್ನ ಕಡೆ ಬಿದ್ದ ಗುರುತನ್ನು ಕಾಲಿನಿಂದ ಅಳಿಸಿದರೆ, ಆ ಪಾಯಿಂಟನ್ನು ಎದುರಾಳಿಗೆ ಬಿಟ್ಟುಕೊಟ್ಟಂತೆ. ಆಮೇಲೆ ಯಾರೂ ಏನನ್ನೂ ಕೇಳುವಂತಿಲ್ಲ.

ಅವಳ ಓರಗೆಯವರು ಅವಳಿಗೆ ಏನನ್ನೂ ಬಿಟ್ಟುಕೊಟ್ಟವರಲ್ಲ. ಅವರೆಲ್ಲ ವಸಿಲೀಸಾ ಎಂಬ ಅವಳ ಹೆಸರನ್ನು ಮೊಟಕು ಮಾಡಿ ವಾಸ್ಯಾ ಎಂದು ಕರೆಯುತ್ತಿದ್ದರು. ಒಮ್ಮೆ ಒಂದು ಗುರುತಿಗಾಗಿ ಜಗಳವೇ ಆಯಿತು. ಎದುರಾಳಿ ನಕ್ಕು, "ಬೇಕಿದ್ದರೆ ನನ್ನ ಟೋಪಿ ತೆಗೆದುಕೋ ವಾಸ್ಯಾ, ಪಾಯಿಂಟ್ ಮಾತ್ರ ಕೇಳಬೇಡ" ಎಂದಳು. ಇಂಥವರನ್ನು ಸೋಲಿಸಿಯೇ ಅವಳು ದೊಡ್ಡ ಪ್ರಶಸ್ತಿಗಳನ್ನು ಗೆದ್ದಳು. ಹೊರದೇಶದವರೂ ಅವಳ ಹೆಸರು ಬಲ್ಲವರಾದರು.

ವರ್ಷಗಳು ಕಳೆದವು. ಬಲಭುಜ ಕೆಟ್ಟಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿ ಬಂದಳು. ಸರ್ವಿಸ್‌ನಲ್ಲಿ ಹಿಂದಿನ ವೇಗವಿರಲಿಲ್ಲ. ನಿವೃತ್ತಿ ಯಾವಾಗ ಎಂದು ಪತ್ರಕರ್ತರು ಕೇಳುತ್ತಿದ್ದರು.

"ಗೆಲ್ಲುತ್ತಿರುವವರೆಗೂ ಆಡುತ್ತೇನೆ. ನಾನು ಭುಜದ ಮಾತು ಕೇಳುವುದಿಲ್ಲ, ಸ್ಕೋರ್‌ಬೋರ್ಡಿನ ಮಾತು ಕೇಳುತ್ತೇನೆ. ಅದು ಸುಳ್ಳು ಹೇಳುವುದಿಲ್ಲ."

ಆ ವರ್ಷ ಸ್ಕೋರ್‌ಬೋರ್ಡು ಅವಳ ಪರವಾಗಿಯೇ ಇತ್ತು. ಸೋತದ್ದೂ ಉಂಟು, ಗೆದ್ದದ್ದು ಹೆಚ್ಚು. ಆಟ ಬಿಟ್ಟರೆ ಅವಳಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಆದ್ದರಿಂದ ಪ್ರತಿ ಗೆಲುವೂ ಅವಳಿಗೆ ಇನ್ನಷ್ಟು ದಿನ ಆಡಲು ಸಿಕ್ಕ ಅನುಮತಿಯಾಗಿತ್ತು.

ಅವಳ ಊರಿನಲ್ಲೇ ಒಂದು ಟೂರ್ನಿ ನಡೆಯಿತು. ಅವಳು ಫೈನಲ್ ತಲುಪಿದಳು. ಎದುರಾಳಿ ಅದೇ ಊರಿನ ಒಬ್ಬ ಹುಡುಗಿ. ಹಾಸಿಗೆಯ ಪಕ್ಕದ ಗೋಡೆಗೆ ಇವಳ ಚಿತ್ರ ಅಂಟಿಸಿಕೊಂಡು ಬೆಳೆದವಳು. ಕೊನೆಯ ಸೆಟ್‌ನಲ್ಲಿ ಹುಡುಗಿಯೇ ಮುಂದಿದ್ದಳು. ಆಗ ಹಳೆಯ ಆಟಗಾರ್ತಿ ಹೊಡೆದ ಒಂದು ಚೆಂಡು ಗೆರೆ ದಾಟಿ ಬಿತ್ತು. ಚೆಂಡು ರಾಕೆಟ್ಟಿನಿಂದ ಹೊರಟ ಗಳಿಗೆಯಲ್ಲೇ ಹೊಡೆದವಳಿಗೆ ಅದು ತಿಳಿದಿತ್ತು. ಗೆರೆ ಕಾಯುವವರು ಗಮನಿಸಲಿಲ್ಲ. ಹುಡುಗಿ ಹೋಗಿ ಗುರುತನ್ನು ನೋಡಿದಳು. ಕೈ ಎತ್ತಿದ್ದರೆ ಅಂಪೈರ್ ಇಳಿದು ಬರುತ್ತಿದ್ದರು. ಅವಳು ಕೈ ಎತ್ತಲಿಲ್ಲ. ಬೂಟಿನಿಂದ ಗುರುತನ್ನು ಅಳಿಸಿ ತನ್ನ ಜಾಗಕ್ಕೆ ಹಿಂದಿರುಗಿದಳು. ಜನ ಚಪ್ಪಾಳೆ ತಟ್ಟಿದರು. ಅಲ್ಲಿಂದ ಆಟ ತಿರುಗಿತು. ಹಳೆಯ ಆಟಗಾರ್ತಿ ಗೆದ್ದಳು.

ನೆಟ್ ಬಳಿ ಕೈಕುಲುಕುವಾಗ ಅವಳು ಕೇಳಿದಳು. "ಆ ಚೆಂಡು ಹೊರಗೆ ಬಿದ್ದಿತ್ತು. ಯಾಕೆ ಅಳಿಸಿದೆ?"

"ನಿಮ್ಮ ಊರಿನಲ್ಲೇ ನೀವು ಸೋಲುವುದನ್ನು ನೋಡಲು ನನ್ನಿಂದ ಆಗಲಿಲ್ಲ, ವಸಿಲೀಸಾ ಗ್ಲೇಬೊವ್ನಾ."

ಆ ದೇಶದಲ್ಲಿ ಹೀಗೆ ಹೆಸರಿಗೆ ತಂದೆಯ ಹೆಸರು ಸೇರಿಸಿ ಕರೆಯುವುದು ಶಾಲೆಯ ಉಪಾಧ್ಯಾಯರನ್ನು, ವಯಸ್ಸಾದವರನ್ನು. ನೆಟ್‌ನ ಆಚೆ ನಿಂತು ಸೆಣಸುವವರನ್ನು ಯಾರೂ ಹಾಗೆ ಕರೆಯುವುದಿಲ್ಲ.

"ಹೀಗೆ ಮಾಡಬಾರದು, ಮಗೂ."

"ನಾನೊಬ್ಬಳೇ ಅಲ್ಲವಲ್ಲ" ಎಂದಳು ಹುಡುಗಿ. ತಾನು ಸಮಾಧಾನದ ಮಾತು ಹೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು.

ಗೆದ್ದವಳು ಬೆಂಚಿನ ಮೇಲೆ ಕುಳಿತಳು. ಆ ವರ್ಷದ ಪಂದ್ಯಗಳನ್ನು ನೆನೆದಳು. ಯಾರೋ ಅರ್ಧಕ್ಕೇ ಓಟ ನಿಲ್ಲಿಸಿ ಚೆಂಡು ಬಿಟ್ಟಿದ್ದರು. ಯಾರೋ ಸುಲಭದ ಚೆಂಡನ್ನು ನೆಟ್‌ಗೆ ಹೊಡೆದಿದ್ದರು. ಇವುಗಳಲ್ಲಿ ತಾನು ಗೆದ್ದದ್ದು ಯಾವುದು, ತನಗೆ ಕೊಟ್ಟದ್ದು ಯಾವುದು? ತಿಳಿಯುವ ದಾರಿ ಇರಲಿಲ್ಲ. ಎಲ್ಲರೂ ಅವಳನ್ನು ಪ್ರೀತಿಸುತ್ತಿದ್ದರು. ಎದುರಾಳಿ ಮಾತ್ರ ಒಬ್ಬರೂ ಉಳಿದಿರಲಿಲ್ಲ.

ಕಪ್ ಕೈಗೆ ಬಂದಾಗ ಅವಳು ನಿವೃತ್ತಿಯನ್ನು ಸಾರಿದಳು. ಭುಜದ ನೋವೇ ಎಂದು ಪತ್ರಕರ್ತರು ಕೇಳಿದರು. ಹೌದು ಎಂದಳು. ಹುಡುಗಿಯ ವಿಷಯ ಎತ್ತಲಿಲ್ಲ. ಗೆಲ್ಲುತ್ತಿರುವಾಗಲೇ ಬಿಟ್ಟಳೆಂದು ಮರುದಿನ ಪತ್ರಿಕೆಗಳು ಹೊಗಳಿದವು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ.

"ಹುಡುಗಿ ಬಾಯಿಬಿಟ್ಟಳು, ಆಟಗಾರ್ತಿಗೆ ತಿಳಿಯಿತು. ಬಾಯಿ ಬಿಡದೇ ಹೋಗಿದ್ದರೆ, ಗುರುಗಳೇ?"

"ಕಳೆದ ವಾರ ನೀನು ಹೇಳಿದ ಅರ್ಥ ತಪ್ಪಾಗಿತ್ತು, ಅಲ್ಲಿ ಕುಳಿತಿದ್ದ ಎಲ್ಲರಿಗೂ ಅದು ಗೊತ್ತಿತ್ತು."