ಕರಿಗುಂಡಿ ಯಾವ ಕ್ಷೇತ್ರಕ್ಕೆ?

ವಿಧಾನಸಭಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವ ಕಾಲ ಬಂದಿತ್ತು. ತಾಲ್ಲೂಕು ಕಚೇರಿಯಲ್ಲಿ ಜನರ ಅಹವಾಲು ಬರೆದುಕೊಳ್ಳುವ ಕೆಲಸ ಗುಮಾಸ್ತೆ ಅಂಬವ್ವನದು. ಒಂದು ದಿನ ಶಾಸಕ ದುಂಡಪ್ಪಗೌಡರು ದಡದಡನೆ ಒಳಗೆ ಬಂದವರೇ ನಕ್ಷೆಯ ಮೇಲೆ ಕೈ ಬಡಿದರು.

“ಈ ಕರಿಗುಂಡಿ ಊರನ್ನ ನನ್ನ ಕ್ಷೇತ್ರದಿಂದ ಆಚೆ ಹಾಕು. ಇಲ್ಲಾಂದ್ರ ನಿನಗ ವರ್ಗಾವಣಿ!”

ಅಂಬವ್ವ ಪೆನ್ನು ತೆಗೆದಳು. “ಆಗ್ಲಿ ಸಾಹೇಬ್ರ. ಕಾರಣ ಏನಂತ ಬರೀಲಿ?”

“ಅಲ್ಲಿ ಮಂದಿ ನನಗ ಓಟು ಹಾಕಂಗಿಲ್ಲ.”

“ಯಾಕ್ರಿ?”

“ಹಳ್ಳಕ್ಕ ಸೇತುವೆ ಕಟ್ಟಿಸಿಲ್ಲಂತ ಸಿಟ್ಟು!”

ಅಂಬವ್ವ ಅದನ್ನೆಲ್ಲ ಅವರ ಮಾತಿನಲ್ಲೇ ದುಂಡಗೆ ಬರೆದು ಮುಂದಿಟ್ಟಳು. “ಇಲ್ಲೊಂದು ಸಹಿ ಹಾಕ್ರಿ. ನಾಳೆ ಎಲ್ಲಾ ಊರಿನ ಪಂಚಾಯ್ತಿ ಬೋರ್ಡಿಗೂ ಅಂಟಿಸ್ತೀವಿ.”

ಗೌಡರ ಕೈ ಅರ್ಧಕ್ಕೇ ನಿಂತಿತು. “ಎಲ್ಲಾ ಊರಿಗೂ?”

“ಹೌದ್ರಿ. ನಿಮ್ಮ ಕ್ಷೇತ್ರದಾಗ ಸೇತುವೆ ಇಲ್ಲದ ಊರು ಇನ್ನೂ ಹನ್ನೊಂದು ಅದಾವು. ಅವರಿಗೂ ಆಚೆ ಹೋಗೋ ಆಸೆ ಇರಬಹುದು.”

ಗೌಡರು ಕಾಗದವನ್ನು ಸಣ್ಣಗೆ ಮಡಚಿ ಜೇಬಿಗಿಟ್ಟುಕೊಂಡರು. “ಕರಿಗುಂಡಿ ಇದ್ದಲ್ಲೇ ಇರಲಿ ಬಿಡವ್ವಾ” ಎಂದರು, ಬಹಳ ಮೆತ್ತಗೆ.

ಕಾರು ಹತ್ತುವಾಗ ಹಣೆ ಒರೆಸಿಕೊಂಡು ಡ್ರೈವರನಿಗೆ ಹೇಳಿದರಂತೆ: “ಈಕಿ ಚುನಾವಣೆಗೆ ನಿಂತಿಲ್ಲ, ನನ್ನ ಪುಣ್ಯ!”