ಮಜ್ಜಿಗೆಗೆ ಬರುತ್ತಿದ್ದವರು

“ಬುದ್ಧಿ, ಯಾರಿಗೂ ಕೇಡು ಬಯಸದೆ, ಊರಿಗೆಲ್ಲ ಒಳ್ಳೆಯದನ್ನೇ ಮಾಡಿದವನಿಗೂ ಪಾಪ ತಟ್ಟುವುದುಂಟೆ?” ಎಂದು ಮರುಳಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಒಳ್ಳೆಯ ಮನುಷ್ಯ. ಕೊಟ್ಟ ಮಾತಿಗೆ ತಪ್ಪಿದವನಲ್ಲ, ಪಕ್ಕದವನ ಬದು ಒತ್ತಿದವನಲ್ಲ. ಆ ಊರಿನವರಿಗೆ ಹೊಲಕ್ಕಿಂತ ದನವೇ ಆಸರೆ. ಹೆಂಗಸರು ಕೋಳಿ ಕೂಗುವಾಗ ಎದ್ದು ಮೊಸರು ಕಡೆಯುತ್ತಿದ್ದರು. ಬೆಣ್ಣೆ ಕಾಯಿಸಿ ತುಪ್ಪ ಮಾಡುತ್ತಿದ್ದರು. ಗಂಡಸರು ಅದನ್ನು ಸಂತೆಗೆ ಒಯ್ದು, ವ್ಯಾಪಾರಿ ಹೇಳಿದ ಬೆಲೆಗೆ ಕೊಟ್ಟು ಬರುತ್ತಿದ್ದರು. ದುಡ್ಡು ಗಂಡಸರ ಜೇಬಿನಲ್ಲಿ ಉಳಿದರೆ ಉಳಿಯಿತು. ಹೆಂಗಸರಿಗೆ ಉಳಿಯುತ್ತಿದ್ದದ್ದು ರಟ್ಟೆನೋವು.

ಮಜ್ಜಿಗೆಯನ್ನು ಮಾತ್ರ ಅಲ್ಲಿ ಯಾರೂ ಮಾರುತ್ತಿರಲಿಲ್ಲ. ಮಜ್ಜಿಗೆ ಮಾರಿದವರ ಕೊಟ್ಟಿಗೆ ಬರಿದಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಬೆಳಗಾದರೆ ದನವಿಲ್ಲದವರು ಚೆಂಬು ಹಿಡಿದು ಹಿತ್ತಿಲ ಬಾಗಿಲಿಗೆ ಬರುವರು. ಮನೆಯವರು ಹುಯ್ಯುವರು. ಕೊಡುವವರಿಗೆ ಅದು ದಾನವೆಂದು ತೋರುತ್ತಿರಲಿಲ್ಲ. ಒಯ್ಯುವವರಿಗೆ ಬೇಡಿದೆವೆಂದು ಅನ್ನಿಸುತ್ತಿರಲಿಲ್ಲ. ರೈತನ ಮನೆಗೆ ಓಬಕ್ಕನೆಂಬ ಹೆಂಗಸು ಬರುತ್ತಿದ್ದಳು. ಬುಟ್ಟಿ ಹೆಣೆಯುವವಳು, ಗಂಡ ಸತ್ತವಳು. ಸೀರೆಯ ಸೆರಗು ಹಿಡಿದುಕೊಂಡು ಅವಳ ಪುಟ್ಟ ಮಗಳೂ ಬರುತ್ತಿದ್ದಳು. ತಾಯಿ ಮಗಳು ರಾಗಿ ಅಂಬಲಿಗೆ ಆ ಮಜ್ಜಿಗೆ ಬೆರೆಸಿ ಕುಡಿದು ಬದುಕುತ್ತಿದ್ದರು.

ಒಮ್ಮೆ ರೈತ ನೆಂಟರ ಊರಿಗೆ ಹೋದಾಗ ಅಲ್ಲಿ ಹಾಲಿನ ಡೇರಿ ಕಂಡ. ಹಾಲಿನ ಜಿಡ್ಡು ಅಳೆಯುವ ಯಂತ್ರವಿತ್ತು, ಮೋಸಕ್ಕೆ ಎಡೆಯಿರಲಿಲ್ಲ. ಹಾಲಿನ ದುಡ್ಡು ನೇರವಾಗಿ ಹೆಂಗಸರ ಹೆಸರಿನ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಅವನಿಗೆ ತನ್ನ ಹೆಂಡತಿಯ ರಟ್ಟೆ ನೆನಪಾಯಿತು. ನಮ್ಮೂರಿಗೂ ಇದು ಬರಬೇಕೆಂದು ಅಲ್ಲಿಯೇ ನಿಶ್ಚಯಿಸಿದ.

ಊರಿಗೆ ಬಂದು ಮನೆಮನೆ ಹತ್ತಿ ಇಳಿದ. ಕೆಲವರು ನಕ್ಕರು, ಕೆಲವರು ಅನುಮಾನಪಟ್ಟರು. ಅವನು ಬಿಡಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಬ್ಯಾಂಕಿನವರನ್ನು ಊರಿಗೇ ಕರೆತಂದು ಹೆಂಗಸರಿಗೆಲ್ಲ ಖಾತೆ ಮಾಡಿಸಿದ. ಕೊನೆಗೆ ಡೇರಿ ಬಂತು.

ಅವನು ಹೇಳಿದ್ದೆಲ್ಲ ನಿಜವಾಯಿತು. ಹೆಂಗಸರು ಮೊದಲ ಸಲ ತಮ್ಮ ಹೆಸರಿನ ದುಡ್ಡು ಕಂಡರು. ಮೊಸರು ಕಡೆಯಲು ಏಳುತ್ತಿದ್ದ ಹೆಣ್ಣುಮಕ್ಕಳು ಶಾಲೆಗೆ ಹೊರಟರು. ಸೋರುವ ಮಾಡುಗಳಿಗೆ ಹೊಸ ಹೆಂಚು ಬಂತು. ಕಡಗೋಲು ಅಟ್ಟ ಸೇರಿತು.

ಡೇರಿ ಶುರುವಾದ ದಿನ ಓಬಕ್ಕ ಎಂದಿನಂತೆ ಚೆಂಬು ಹಿಡಿದು ಬಂದಳು.

“ಇವತ್ತು ಕಡೆದಿಲ್ಲ ಕಣೇ ಓಬಕ್ಕ, ಹಾಲೆಲ್ಲ ಡೇರಿಗೆ ಹೋಯ್ತು” ಎಂದಳು ರೈತನ ಹೆಂಡತಿ.

“ಆಗಲಿ ಬಿಡ್ರವ್ವ, ನಾಳೆ ಬರ್ತೀನಿ.”

ಮರುದಿನವೂ ಕಡೆದಿರಲಿಲ್ಲ. ಉಳಿದ ಮನೆಗಳಲ್ಲೂ ಅದೇ ಮಾತು. ಯಾರೂ ಯಾರನ್ನೂ ಗದರಿಸಲಿಲ್ಲ, ಬಾಗಿಲು ಹಾಕಲಿಲ್ಲ. ಮಜ್ಜಿಗೆಯವರು ಕೆಲವು ದಿನ ಬಂದರು, ಆಮೇಲೆ ಬರುವುದನ್ನು ಬಿಟ್ಟರು. ರೈತನ ಹೆಂಡತಿಗೆ ಮೊದಮೊದಲು ಮನಸ್ಸಿಗೆ ಚುಚ್ಚುತ್ತಿತ್ತು. ಕೆಲಸದ ನಡುವೆ ಅದೂ ಮರೆತುಹೋಯಿತು. ರೈತನಿಗಂತೂ ಗೊತ್ತೇ ಆಗಲಿಲ್ಲ. ಅವನು ಆ ಹೊತ್ತಿಗೆ ಡೇರಿಯಲ್ಲಿರುತ್ತಿದ್ದ.

ಮಳೆಗಾಲದಲ್ಲಿ ಊರಿಗೆ ಜ್ವರ ಬಂತು. ದನವಿದ್ದವರ ಮಕ್ಕಳು ಮಲಗಿ ಎದ್ದರು. ಕೆರೆಯಾಚೆ ದನವಿಲ್ಲದವರ ಕೇರಿಯಲ್ಲಿ ಕೆಲವು ಮಕ್ಕಳು ಏಳಲಿಲ್ಲ. ಸುದ್ದಿ ಕೇಳಿ ರೈತ ಅಯ್ಯೋ ಪಾಪ ಎಂದ. ಅಂದು ಅವನ ಹಸುವೊಂದು ಮೇವು ಬಿಟ್ಟಿತ್ತು. ದನದ ಡಾಕ್ಟರನ್ನು ಕರೆತರಲು ಹೊರಟುಹೋದ.

ಮಳೆ ನಿಂತ ಮೇಲೆ, ಹೊಸ ಕೊಟ್ಟಿಗೆಗೆ ಸಗಣಿ ಬುಟ್ಟಿ ಬೇಕೆಂದು ಅವನು ಓಬಕ್ಕನ ಗುಡಿಸಲಿಗೆ ಹೋದ. ಅವಳು ಒಬ್ಬಳೇ ಕುಳಿತು ಬಿದಿರು ಸೀಳುತ್ತಿದ್ದಳು.

“ಮಗಳೆಲ್ಲಿ?” ಎಂದು ಕೇಳಿದ.

“ಹೋದ್ಲು ಗೌಡ್ರೇ. ಜ್ವರ ಎಲ್ರಿಗೂ ಬಂದಿತ್ತು. ಇವಳಿಗೆ ತಡ್ಕೊಳ್ಳೋ ಕಸುವಿರಲಿಲ್ಲ. ಬರೀ ನೀರಂಬಲೀಲಿ ಏನಿರ್ತದೆ?”

ರೈತ ಅವಳೆದುರು ನೆಲದ ಮೇಲೆ ಕುಳಿತ. “ನಮ್ಮನೆಗೆ ಬರಬಾರದಿತ್ತೇನವ್ವ? ಒಂದು ಲೋಟ ಹಾಲು ಕೇಳಿದ್ರೆ ಇಲ್ಲ ಅಂತಿದ್ವಾ?”

ಓಬಕ್ಕ ಕತ್ತಿ ಕೆಳಗಿಟ್ಟಳು. “ಇಲ್ಲ ಅಂತಿರಲಿಲ್ಲ. ಮಜ್ಜಿಗೆ ಆದ್ರೆ ಮಿಕ್ಕಿದ್ದು, ಒಯ್ತಿದ್ದೆ. ಹಾಲಿಗೆ ಬೆಲೆ ಕಟ್ಟಿಯಾಗಿದೆ. ಅದನ್ನ ಒಂದಿನ ಕೇಳಬಹುದು ಗೌಡ್ರೇ. ದಿನಾ ಹೆಂಗೆ ಕೇಳಲಿ?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ತಾಳಿಕೊಳ್ಳುತ್ತಿದ್ದನೋ ಏನೋ. ಬುಟ್ಟಿಯ ಮಾತೆತ್ತದೆ ಎದ್ದು ಬಂದ.

ಮರುದಿನ ಡೇರಿಯ ಸಭೆ ಕರೆದ. ಮನೆಗೆ ಒಂದು ಪಾವು ಹಾಲು ಉಳಿಸಿಕೊಳ್ಳೋಣ, ಮೊದಲಿನಂತೆ ಮಜ್ಜಿಗೆ ಮಾಡಿ ಕೊಡೋಣ ಎಂದ. ಎಲ್ಲರೂ ಒಪ್ಪಿದರು. ಕೆಲವರ ಕಣ್ಣಲ್ಲಿ ನೀರೂ ಬಂತು. ಕಡಗೋಲು ಅಟ್ಟದಿಂದ ಇಳಿಯಿತು. ಆದರೆ ಒಂದು ಮನೆಯಲ್ಲಿ ಮದುವೆ ಬಂತು, ಖರ್ಚಿಗೆಂದು ಹಾಲು ಪೂರ್ತಿ ಡೇರಿಗೆ ಹೋಯಿತು. ಇನ್ನೊಂದು ಮನೆಯ ಹುಡುಗ ಪಟ್ಟಣದ ಹಾಸ್ಟೆಲಿಗೆ ಸೇರಿದ, ಅಲ್ಲಿಯೂ ಹಾಗೆಯೇ. ಯಾರೂ ಜಿಪುಣರಾಗಿರಲಿಲ್ಲ. ಎಲ್ಲರಿಗೂ ಒಂದೊಂದು ಕಾರಣವಿತ್ತು. ಕೊನೆಗೆ ಕಡೆಯುವ ಮನೆ ರೈತನದೊಂದೇ ಉಳಿಯಿತು.

ಕೇರಿಯವರೆಲ್ಲ ಅದೊಂದೇ ಬಾಗಿಲಿಗೆ ಬರಬೇಕಾಯಿತು. ಸಾಲು ಬೀದಿಯವರೆಗೆ ಬೆಳೆಯಿತು. ಡೇರಿಗೆ ಕ್ಯಾನು ಹೊತ್ತು ಹೋಗುವವರು ನಿಂತು ನೋಡತೊಡಗಿದರು. ನೋಡಿದವರು ಏನೂ ಅನ್ನಲಿಲ್ಲ. ಆದರೂ ಚೆಂಬು ಹಿಡಿದವರು ತಲೆ ತಗ್ಗಿಸಿದರು. ದೊಡ್ಡವರು ಬರುವುದನ್ನು ನಿಲ್ಲಿಸಿ ಮಕ್ಕಳನ್ನು ಕಳಿಸಿದರು. ಆಮೇಲೆ ಮಕ್ಕಳೂ ಬರಲಿಲ್ಲ.

ರೈತ ತಾನೇ ಒಂದು ಚೆಂಬು ಮಜ್ಜಿಗೆ ಹಿಡಿದು ಓಬಕ್ಕನ ಗುಡಿಸಲಿಗೆ ಹೋದ. ಗುಡಿಸಲಿನ ತಟ್ಟಿ ಮುಚ್ಚಿತ್ತು. ಅವಳು ಊರು ಬಿಟ್ಟು ಹೋಗಿದ್ದಳು. ಎಲ್ಲಿಗೆಂದು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ತಾಲೂಕಿನಲ್ಲಿ ಹೆಚ್ಚು ಹಾಲು ಹಾಕಿದ ಊರೆಂದು ಆ ಊರಿಗೆ ಬಹುಮಾನ ಬಂತು. ಜನ ರೈತನಿಗೆ ಹಾರ ಹಾಕಿ, ನಾಲ್ಕು ಮಾತಾಡು ಎಂದರು. ಅವನು ಎದ್ದು ನಿಂತ. ಹಾರ ತೆಗೆದು ಮೇಜಿನ ಮೇಲಿಟ್ಟು ಕುಳಿತುಬಿಟ್ಟ. ಅದು ಅವನ ವಿನಯವೆಂದು ತಿಳಿದು ಜನ ಚಪ್ಪಾಳೆ ತಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು.

ಮರುಳಯ್ಯ ಕೇಳಿದ: “ಹಾಗಾದರೆ ಬುದ್ಧಿ, ಅವನು ಡೇರಿ ತಂದದ್ದೇ ತಪ್ಪೇ?”

ಗುರುಗಳು ಹೇಳಿದರು: “ಅವನೂ ಸಾಯುವವರೆಗೆ ಊರಿನಲ್ಲಿ ಸಿಕ್ಕವರನ್ನೆಲ್ಲ ಇದನ್ನೇ ಕೇಳಿದ, ತಪ್ಪಿಲ್ಲವೆಂದೇ ಎಲ್ಲರೂ ಹೇಳಿದರು, ಹಾಗೆ ಹೇಳಿದವರೆಲ್ಲರ ಕೊಟ್ಟಿಗೆಯಲ್ಲೂ ಹಸುವಿತ್ತು.”