ತುಂಬೆ ಹೂವಿನ ಭಾರ

ವರದಾ ನದಿಯ ದಂಡೆಯ ಮೇಲೆ ಧರಣೇಂದ್ರ ಪಂಡಿತರ ವೈದ್ಯಶಾಲೆ ಇದ್ದ ಕಾಲ. ಪಂಡಿತರಿಗೆ ಕಣ್ಣು ಮಂಜಾದ ಮೇಲೆ ಹೊಸಬರಿಗೆ ನಾಡಿ ಹಿಡಿಯಲು ಕಲಿಸುವ ಕೆಲಸ ಹಿರಿಯ ಶಿಷ್ಯ ಬೊಮ್ಮರಸನ ಪಾಲಿಗೆ ಬಂದಿತ್ತು. ಅವನು ಹೇಳಿದ ರೋಗ ಹುಸಿಯಾಗುತ್ತಿರಲಿಲ್ಲ. ಅವನು ಹೇಳಿದ ಪಾಠ ಮಾತ್ರ ಯಾಕೋ ಯಾರಿಗೂ ಹತ್ತುತ್ತಿರಲಿಲ್ಲ.

ಒಂದು ಸಂಜೆ ಅವನು ಗುರುಗಳ ಮುಂದೆ ಬಂದು ನಿಂತ.

"ಮಾಳಿಂಗನನ್ನು ನಾಳೆ ಊರಿಗೆ ಕಳಿಸಿಬಿಡೋಣ."

"ಯಾಕೆ?"

"ಕಲ್ಲು ಕಡಿದ ಕೈ. ಬೆರಳಿಗೆ ಸೂಕ್ಷ್ಮವೇ ಇಲ್ಲ. ಯಾರ ಮಣಿಕಟ್ಟು ಹಿಡಿದರೂ ಕಪ್ಪೆ ಅನ್ನುತ್ತಾನೆ."

ವಾತದ ನಾಡಿ ಹಾವಿನಂತೆ ಹರಿಯುತ್ತದೆ, ಪಿತ್ತದ್ದು ಕಪ್ಪೆಯಂತೆ ಕುಪ್ಪಳಿಸುತ್ತದೆ, ಕಫದ್ದು ಹಂಸದಂತೆ ತೇಲುತ್ತದೆ. ಅಲ್ಲಿ ಮೊದಲ ದಿನದ ಪಾಠವೇ ಇದು. ಎಂಟು ತಿಂಗಳಾದರೂ ಮಾಳಿಂಗನಿಗೆ ಹಾವೂ ಸಿಕ್ಕಿರಲಿಲ್ಲ, ಹಂಸವೂ ಸಿಕ್ಕಿರಲಿಲ್ಲ.

"ನೀನೇನು ಹೇಳಿದೆ?"

"ಸರಿಯಾಗಿ ನೋಡು ಅಂತ ನೂರು ಸಲ ಹೇಳಿದೆ."

"ಅವನೇನು ಹೇಳಿದ?"

"ಅವನನ್ನು ಕೇಳುವುದೇನಿದೆ?"

ಪಂಡಿತರು ಹೊಳೆಯ ಕಡೆ ಮುಖ ತಿರುಗಿಸಿದರು.

"ಆಗಲಿ, ಕಳಿಸು. ಬೆಳಿಗ್ಗೆ ಕೊನೆಯ ಪರೀಕ್ಷೆ ಒಂದು ಆಗಲಿ. ಪರದೆಯ ಕೆಳಗಿನಿಂದ ಒಂದು ಮೊಳ ಬಾಳೆದಿಂಡು ಈಚೆ ಚಾಚಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸು. ರೋಗಿ ಪರದೆಯ ಹಿಂದಿದ್ದಾಳೆ ಅನ್ನು."

ಈ ಮಾತನ್ನು ಹಿಂದೆಂದೋ ಕೇಳಿದಂತಿದೆ ಅನ್ನಿಸಿತು ಬೊಮ್ಮರಸನಿಗೆ. ಅಷ್ಟಕ್ಕೇ ಬಿಟ್ಟ.

ಬೆಳಿಗ್ಗೆ ಮಾಳಿಂಗ ಗಂಟು ಕಟ್ಟಿಕೊಂಡೇ ಬಂದ. ಅವನಿಗೆ ಸುದ್ದಿ ಮುಟ್ಟಿತ್ತು. ಪರದೆಯ ಮುಂದೆ ಕೂತು ಮೂರು ಬೆರಳು ಊರಿದ. ಉಗುರು ಬಿಳಿಚಿಕೊಂಡವು. ಹಣೆಯಲ್ಲಿ ಬೆವರು.

"ಕಪ್ಪೆ ಐತ್ರಿ," ಎಂದ ಸಣ್ಣ ದನಿಯಲ್ಲಿ. "ಕಪ್ಪೇನ."

ಬೊಮ್ಮರಸ ಬಟ್ಟೆ ಎತ್ತಿದ.

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. "ದಿಂಡಿಗೆ ಪಿತ್ತ ಏರೇತಿ, ಮಜ್ಜಿಗೆ ಕುಡಿಸ್ರೋ!" ಎಂದು ಒಬ್ಬ ಕೂಗಿದ.

ನಗಲು ಬೊಮ್ಮರಸನ ಬಾಯಿಯೂ ತೆರೆದಿತ್ತು. ಒದ್ದೆ ಬಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬಾಯಿ ಹಾಗೇ ನಿಂತಿತು.

ಹದಿನಾರು ವರ್ಷದ ಹಿಂದೆ. ಇದೇ ಜಗುಲಿ. ಇಂಥದೇ ದಿಂಡಿನ ಮೇಲೆ ಅವನದೇ ಮೂರು ಬೆರಳು. "ವಿಷಮಜ್ವರ," ಎಂದಿದ್ದ, ಬಲು ಧೈರ್ಯವಾಗಿ. ಅವತ್ತೂ ಎಲ್ಲರೂ ನಕ್ಕಿದ್ದರು, ಗುರುಗಳೊಬ್ಬರನ್ನು ಬಿಟ್ಟು. ಆ ಒಬ್ಬರು ಅವನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತಮ್ಮ ಕೈ ಚಾಚಿದ್ದರು. ಮಣಿಕಟ್ಟಿನ ಮೇಲೆ ಒಂದು ತುಂಬೆ ಹೂ ಇಟ್ಟಿದ್ದರು. ಹೂ ಕಂದಬಾರದು, ಅಷ್ಟೇ, ಎಂದಿದ್ದರು. ಬೆಳಗಿನ ಬಿಸಿಲು, ಬೇಲಿಯಲ್ಲಿ ಜೇನಿನ ಗುಂಯ್‌ಗುಟ್ಟು. ಇಷ್ಟು ವರ್ಷ ಇದೆಲ್ಲ ಎಲ್ಲಿ ಹೋಗಿತ್ತು?

ಮಾಳಿಂಗ ಗಂಟು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದ.

"ನಿಲ್ಲು," ಎಂದ ಬೊಮ್ಮರಸ. "ಆ ಕಪ್ಪೆ ಹೇಗೆ ಕುಪ್ಪಳಿಸುತ್ತೆ, ಹೇಳು."

ಎಂಟು ತಿಂಗಳಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಮಾಳಿಂಗ ತಲೆ ತಗ್ಗಿಸಿದ. "ಡಬಡಬ ಅಂತೈತ್ರಿ. ನೀವು ಹತ್ರ ಬಂದ್ರ ಇನ್ನೂ ಜೋರು."

ಬೊಮ್ಮರಸ ಅವನ ಬೆರಳ ತುದಿಗಳನ್ನು ನೋಡಿದ. ಒತ್ತಿದ ಗುರುತು ಇನ್ನೂ ಆರಿರಲಿಲ್ಲ. ಇಷ್ಟು ದಿನ ಅಲ್ಲಿ ಕುಪ್ಪಳಿಸಿದ್ದು ಅವನದೇ ನಾಡಿ. ಬೇಲಿಗೆ ಹೋಗಿ ಒಂದು ಹೂ ಕಿತ್ತು ತಂದ.

ಜಗುಲಿಯ ಮೂಲೆಯಲ್ಲಿ ನೀಲವ್ವ ಕೂತಿದ್ದಳು. ವಾತದ ಮುದುಕಿ. ಹೊಸಬರ ಕಲಿಕೆಗೆ ವರ್ಷಗಳಿಂದ ಕೈ ಕೊಡುತ್ತ ಬಂದವಳು. ಕೇಳುವ ಮುಂಚೆಯೇ ಕೈ ಚಾಚಿದಳು.

ಬೊಮ್ಮರಸ ಅವಳ ಮಣಿಕಟ್ಟಿನ ಮೇಲೆ ಹೂ ಇಟ್ಟ. "ಇದು ಕಂದಬಾರದು. ಅಷ್ಟೇ." ಹಾಗೆಂದು ಎದ್ದು, ದೂರ ಹೋಗಿ, ಬೆನ್ನು ತಿರುಗಿಸಿ ಕೂತ.

ಮಾಳಿಂಗ ಹೂವಿನ ಮೇಲೆ ಮೂರು ಬೆರಳು ಇಟ್ಟ, ಒತ್ತದೆ.

"ಕಪ್ಪೆ ಹೋತ್ರಿ," ಎಂದ ಮಾಳಿಂಗ. ಬೆರಳನ್ನು ಇನ್ನಷ್ಟು ಹಗುರ ಮಾಡಿದ. "ಏನೋ ಸಣ್ಣಗ ಹರಿದಾಡಾಕತ್ತೈತಿ..."

"ಹಾವು ಅಂತ ಹೇಳೋ ನನ್ನಪ್ಪಾ," ಎಂದಳು ನೀಲವ್ವ. "ಹನ್ನೊಂದು ಮಂದಿ ಈ ಕೈ ಹಿಡಿದು ವೈದ್ಯರಾದ್ರು. ನನಗ ಗೊತ್ತಿಲ್ಲೇನು?"

ಸಂಜೆ ಬೊಮ್ಮರಸ ಗುರುಗಳ ಬಳಿ ಬಂದು ಕೂತ. ಅಂಗಳದಲ್ಲಿ ಮಾಳಿಂಗನ ಗಂಟಿನ ಬಟ್ಟೆ ಒಗೆದು ಒಣಹಾಕಿತ್ತು.

"ಅವತ್ತು ನನ್ನನ್ನು ಯಾಕೆ ಊರಿಗೆ ಕಳಿಸಲಿಲ್ಲ?"

ಪಂಡಿತರು ಹೊಳೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

"ನನ್ನ ಕಾಲದಲ್ಲಿ ಬಟ್ಟೆಯ ಕೆಳಗೆ ಸೋರೆಕಾಯಿ ಇಟ್ಟಿದ್ದರು. ಮೂರು ತಿಂಗಳ ಬಸುರಿ ಅಂದಿದ್ದೆ."